ಎಣಿಕೆಗೆ ಬಾರದ ಪಾದಗಳು: ರುಮಟಾಯ್ಡ್ ಸಂಧಿವಾತ ಇರುವವರ ಕಾಲಿನ ಆರೈಕೆ

ನಮ್ಮ ಮಲೆನಾಡಿನಲ್ಲಿ ಡಾಕ್ಟರ ಕೋಣೆಗೆ ಹೋಗುವವರು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡುತ್ತಾರೆ. ಬಿಡಿ ಎಂದು ಯಾರೂ ಹೇಳದಿದ್ದರೂ ಬಿಡುತ್ತಾರೆ. ರುಮಟಾಯ್ಡ್ ಸಂಧಿವಾತದ ರೋಗಿಯಾಗಿದ್ದರೆ ಒಳಗೆ ಕುಳಿತ ಕೂಡಲೇ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚುತ್ತಾರೆ. ವೈದ್ಯರು ಬೆರಳ ಗಂಟುಗಳನ್ನು ಒಂದೊಂದಾಗಿ ಒತ್ತಿ, ಮಣಿಕಟ್ಟು, ಮೊಣಕೈ, ಭುಜ, ಮಂಡಿಗಳನ್ನು ಪರೀಕ್ಷಿಸಿ, ರಕ್ತಪರೀಕ್ಷೆಯ ವರದಿಯ ಮೇಲೆ ಕಣ್ಣಾಡಿಸಿ ಔಷಧಿ ಬರೆದುಕೊಡುತ್ತಾರೆ. ಸೀರೆಯ ಅಂಚಿನ ಅಥವಾ ಪಂಚೆಯ ಕೆಳಗೆ ಪಾದಗಳು ಹಾಗೆಯೇ ಉಳಿದುಬಿಡುತ್ತವೆ. ಇದಕ್ಕೆ ವೈದ್ಯರ ಅವಸರವೊಂದೇ ಕಾರಣವೆನ್ನಲಾಗದು. ಕಾಯಿಲೆ ಎಷ್ಟು ಚುರುಕಾಗಿದೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಡಾಸ್-28’ ಎಂಬ ಲೆಕ್ಕದಲ್ಲಿ 28 ಕೀಲುಗಳನ್ನು ಎಣಿಸುತ್ತಾರೆ: ಭುಜ ಎರಡು, ಮೊಣಕೈ ಎರಡು, ಮಣಿಕಟ್ಟು ಎರಡು, ಕೈಬೆರಳುಗಳ ಕೀಲು ಇಪ್ಪತ್ತು, ಮಂಡಿ ಎರಡು. ಪಾದದ ಒಂದು ಕೀಲೂ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಲೆಕ್ಕದ ಪ್ರಕಾರ ಕಾಯಿಲೆ ಹತೋಟಿಗೆ ಬಂದಿರುವ ವ್ಯಕ್ತಿಯ ಪಾದದೊಳಗೆ ಉರಿಯೂತ ಸದ್ದಿಲ್ಲದೆ ಮುಂದುವರಿದಿರುವುದು ಸಾಧ್ಯ.

ನಮ್ಮ ದೊಡ್ಡಮ್ಮನವರ ವಿಷಯದಲ್ಲಿ ಆದದ್ದು ಅದೇ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿರುವ ಅವರಿಗೆ ಕೈಬೆರಳುಗಳ ಬಾವು ಔಷಧಿಯಿಂದ ಇಳಿದು ವರ್ಷಗಳೇ ಆಗಿದ್ದವು. ಆದರೆ ಬೆಳಿಗ್ಗೆ ಅಂಗಳಕ್ಕೆ ಇಳಿದಾಗಲೆಲ್ಲ ‘ಜಲ್ಲಿ ಮೇಲೆ ನಡೆದ ಹಾಗಾಗ್ತದೆ’ ಎನ್ನುತ್ತಿದ್ದರು. ವಯಸ್ಸಾಯಿತಲ್ಲ ಎಂದು ಮನೆಯವರೆಲ್ಲ ಸುಮ್ಮನಿದ್ದೆವು, ನಾನೂ ಸೇರಿ. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ‘ಅಮ್ಮಾ, ನಿಮ್ಮ ಚಪ್ಪಲಿ ಒಳಗೆ ತನ್ನಿ’ ಎಂದರು. ಅಂಗಾಲು ನೋಡುವ ಮೊದಲೇ ಅವರು ಆ ಹವಾಯಿ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡನೆಯ ಮತ್ತು ಮೂರನೆಯ ಬೆರಳುಗಳ ಬುಡ ಊರುವ ಜಾಗದಲ್ಲಿ ರಬ್ಬರು ಗುಳಿ ಬಿದ್ದು ತೆಳ್ಳಗಾಗಿತ್ತು. ಹಿಮ್ಮಡಿಯ ಒಳಮಗ್ಗುಲು ಓರೆಯಾಗಿ ಸವೆದಿತ್ತು. ರೋಗ ಪಾದದಲ್ಲಿ ಮಾಡಿದ್ದನ್ನೆಲ್ಲ ಚಪ್ಪಲಿ ದಾಖಲಿಸಿತ್ತು.

ಆ ದಾಖಲೆಯನ್ನು ಓದಬೇಕಾದರೆ ರೋಗವನ್ನು ಸ್ವಲ್ಪ ಅರಿತಿರಬೇಕು. ಊರಿನಲ್ಲಿ ಎಲ್ಲ ಬಗೆಯ ಕೀಲುನೋವಿಗೂ ‘ವಾಯು’ ಅಥವಾ ‘ಗಂಟುನೋವು’ ಎಂಬ ಒಂದೇ ಹೆಸರು. ವಯಸ್ಸಿನೊಂದಿಗೆ ಬರುವ ಮಂಡಿಯ ಸವೆತವೇ ಬೇರೆ, ರುಮಟಾಯ್ಡ್ ಸಂಧಿವಾತವೇ ಬೇರೆ. ಎರಡನೆಯದರಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಪೊರೆ ಊದಿ ದಪ್ಪಗಾಗಿ, ನಿಧಾನವಾಗಿ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ, ಕೀಲನ್ನು ಬಿಗಿಹಿಡಿದಿರುವ ಕಟ್ಟುಗಳನ್ನು ಸಡಿಲಗೊಳಿಸುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಕೀಲುಗಳು ಹಿಡಿದುಕೊಂಡಿರುವುದು, ಎಡಬಲ ಎರಡೂ ಕಡೆ ಬಾಧೆ ಇರುವುದು ಇದರ ಸಾಮಾನ್ಯ ಲಕ್ಷಣ. ರೋಗ ಕೆಲವರಲ್ಲಿ ಪಾದದಿಂದಲೇ ಆರಂಭವಾಗುತ್ತದೆ. ದೀರ್ಘಕಾಲದಲ್ಲಿ ನೋಡಿದರೆ ಹತ್ತರಲ್ಲಿ ಒಂಬತ್ತು ರೋಗಿಗಳಿಗೆ ಒಂದಲ್ಲ ಒಂದು ಹಂತದಲ್ಲಿ ಪಾದದ ತೊಂದರೆ ಕಾಣಿಸಿಕೊಳ್ಳುತ್ತದೆ.

ಒಂದೊಂದು ಪಾದದಲ್ಲಿ 26 ಎಲುಬುಗಳೂ 33 ಕೀಲುಗಳೂ ಇವೆ. ಇವುಗಳಲ್ಲಿ ರೋಗಕ್ಕೆ ಹೆಚ್ಚಾಗಿ ಮೊದಲು ಸಿಕ್ಕಿಬೀಳುವುದು ಕಾಲ್ಬೆರಳುಗಳ ಬುಡದ ಐದು ಕೀಲುಗಳು. ಈ ಐದು ಎಲುಬುಗಳ ತುದಿಗಳ ಕೆಳಗೆ, ಅಂಗಾಲಿನ ಮುಂಭಾಗದಲ್ಲಿ, ಪ್ರಕೃತಿ ಒಂದು ಕೊಬ್ಬಿನ ಮೆತ್ತೆಯನ್ನು ಇಟ್ಟಿದೆ. ನಾವು ಹೆಜ್ಜೆ ಕಿತ್ತಾಗ ಭಾರವೆಲ್ಲ ಬೀಳುವುದು ಅದರ ಮೇಲೆ. ಕೀಲಿನ ಕಟ್ಟುಗಳು ಸಡಿಲವಾದಾಗ ಬೆರಳುಗಳು ಮೇಲಕ್ಕೆ ಜಾರಿ, ಹದ್ದಿನ ಉಗುರಿನಂತೆ ಬಾಗಿಕೊಳ್ಳುತ್ತವೆ. ಹೆಬ್ಬೆರಳು ಪಕ್ಕದ ಬೆರಳುಗಳ ಕಡೆಗೆ ವಾಲುತ್ತದೆ. ಬೆರಳು ಮೇಲೆ ಹೋದಂತೆ ಆ ಮೆತ್ತೆಯನ್ನೂ ಮುಂದಕ್ಕೆ ಎಳೆದೊಯ್ಯುತ್ತದೆ. ಆಗ ಎಲುಬಿನ ತುದಿಗಳಿಗೂ ನೆಲಕ್ಕೂ ನಡುವೆ ಉಳಿಯುವುದು ಬರೀ ಚರ್ಮ. ದೊಡ್ಡಮ್ಮ ಹೇಳುತ್ತಿದ್ದ ಜಲ್ಲಿ ಅಂಗಳದಲ್ಲಿ ಇರಲಿಲ್ಲ, ಅವರ ಅಂಗಾಲಿನೊಳಗೇ ಇತ್ತು. ಹಿಂಬದಿಯ ಕಥೆ ಇನ್ನೊಂದು. ಒಳಹರಡಿನ ಹಿಂದಿನಿಂದ ಇಳಿದು ಬಂದು ಪಾದದ ಕಮಾನನ್ನು ಎತ್ತಿಹಿಡಿಯುವ ಒಂದು ಸ್ನಾಯುರಜ್ಜು ಇದೆ. ಉರಿಯೂತದಿಂದ ಅದು ಸೋತರೆ ಕಮಾನು ಕುಸಿದು ಪಾದ ಚಪ್ಪಟೆಯಾಗುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆಯಬೇಕಾದ ಚಪ್ಪಲಿ ಒಳಮಗ್ಗುಲಲ್ಲಿ ಸವೆಯುವುದು ಆಗಲೇ.

ಹಾಗಾದರೆ ಪಾದದ ಆರೈಕೆ ಎಲ್ಲಿಂದ ಶುರು? ನನ್ನ ಮಟ್ಟಿಗೆ ಅದು ಎಣ್ಣೆ, ಮುಲಾಮುಗಳಿಂದ ಶುರುವಾಗುವುದಿಲ್ಲ. ರೋಗವನ್ನು ಹತೋಟಿಯಲ್ಲಿಡುವ ಮಾತ್ರೆಯಿಂದ ಶುರುವಾಗುತ್ತದೆ. ಉರಿಯೂತ ನಿಲ್ಲದೆ ಯಾವ ಚಪ್ಪಲಿಯೂ ಕೀಲನ್ನು ಉಳಿಸಲಾರದು. ಹೆಚ್ಚಿನವರಿಗೆ ಮೊದಲು ಕೊಡುವ ಔಷಧಿ ಮೆಥೋಟ್ರೆಕ್ಸೇಟ್. ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ವಾರದ ಯಾವ ದಿನವೆಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ‘ಕಾಲನ್ನೂ ಒಮ್ಮೆ ನೋಡಿ’ ಎಂದು ಕೇಳಬೇಕು. ಮನೆಯಲ್ಲಿಯೂ ಒಂದು ಸುಲಭ ಪರೀಕ್ಷೆ ಇದೆ. ಕಾಲ್ಬೆರಳುಗಳ ಬುಡವನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಅಷ್ಟಕ್ಕೇ ಜೀವ ಹೋದಂತೆ ನೋವಾದರೆ ಆ ಕೀಲುಗಳಲ್ಲಿ ಉರಿಯೂತ ಇರಬಹುದು, ಅದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನು ಚಪ್ಪಲಿ. ಹವಾಯಿ ಚಪ್ಪಲಿ ಅಗ್ಗ, ತೊಳೆಯಲು ಸುಲಭ, ಮಳೆಗಾಲಕ್ಕೆ ಹೇಳಿಮಾಡಿಸಿದ್ದು ಎಂಬುದೆಲ್ಲ ನಿಜ. ಆದರೆ ಅದು ಕಾಲಿಗೆ ಅಂಟಿಕೊಂಡಿರುವುದು ಬೆರಳುಗಳ ಬಲದಿಂದ. ಪ್ರತಿ ಹೆಜ್ಜೆಗೂ ಬೆರಳುಗಳು ಬಾಗಿ ಅದನ್ನು ಅವಚಿಕೊಳ್ಳಬೇಕು. ಮೊದಲೇ ಬಾಗತೊಡಗಿರುವ ಬೆರಳುಗಳಿಗೆ ಇದಕ್ಕಿಂತ ಕೆಟ್ಟ ಕೆಲಸವಿಲ್ಲ. ಹೆಬ್ಬೆರಳು ವಾಲಿದವರಿಗೆ ಉಂಗುಷ್ಟ ಹೋಗಲು ಸಂದಿಯೇ ಇರುವುದಿಲ್ಲ. ಸವೆದ ಹವಾಯಿ ಪಾಚಿಗಟ್ಟಿದ ಅಂಗಳದಲ್ಲಿ ಜಾರುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಕಾದದ್ದು ಹಿಂದೆ ಪಟ್ಟಿ ಇರುವ, ಮೇಲೆ ಅಂಟುಪಟ್ಟಿಯಿಂದ ಬಿಗಿ ಮತ್ತು ಸಡಿಲ ಮಾಡಬಹುದಾದ, ಬೆರಳುಗಳ ಜಾಗ ಅಗಲವಾಗಿಯೂ ಆಳವಾಗಿಯೂ ಇರುವ, ತಳ ಮೆತ್ತಗಿದ್ದರೂ ಬಟ್ಟೆಯಂತೆ ಮಡಚಿಕೊಳ್ಳದ ಚಪ್ಪಲಿ ಅಥವಾ ಬೂಟು. ಬಾಗಿದ ಬೆರಳಿನ ಮೇಲ್ಭಾಗಕ್ಕೆ ತಾಗುವ ಹೊಲಿಗೆ ಒಳಗೆ ಇರಬಾರದು. ಅಂಟುಪಟ್ಟಿ ಮುಖ್ಯ, ಏಕೆಂದರೆ ಇದೇ ಕಾಯಿಲೆ ಹಿಡಿದ ಕೈಬೆರಳುಗಳಿಗೆ ಲೇಸು ಕಟ್ಟುವುದು, ಬಕಲ್ ಹಾಕುವುದು ದಿನದ ಮೊದಲ ಯುದ್ಧವಾಗಿರುತ್ತದೆ. ಎಂಸಿಆರ್ ಚಪ್ಪಲಿ ಎಂಬ ಹೆಸರಿನಲ್ಲಿ ಸಿಗುವ, ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೆತ್ತನೆಯ ರಬ್ಬರಿನವು ಮಧುಮೇಹಿಗಳಿಗಷ್ಟೇ ಎಂದು ಅಂಗಡಿಯವರು ಹೇಳಬಹುದು. ರುಮಟಾಯ್ಡ್ ಪಾದಕ್ಕೂ ಅವು ಅಷ್ಟೇ ಹಿತ. ಹಿಂಪಟ್ಟಿ ಇರುವುದನ್ನೇ ಕೇಳಿ ಪಡೆಯಬೇಕು.

ಕೊಳ್ಳಲು ಹೋಗುವುದು ಸಂಜೆಯೇ ಇರಲಿ, ದಿನವಿಡೀ ಓಡಾಡಿದ ಪಾದ ಆಗ ಊದಿರುತ್ತದೆ. ಹೋಗುವ ಮೊದಲು ಹಳೆಯ ವೃತ್ತಪತ್ರಿಕೆಯ ಮೇಲೆ ಬರಿಗಾಲಲ್ಲಿ ನಿಂತು, ಮನೆಯವರಿಂದ ಎರಡೂ ಪಾದಗಳ ಸುತ್ತ ಪೆನ್ನಿನಿಂದ ಗೆರೆ ಎಳೆಸಿ, ಕತ್ತರಿಸಿಕೊಂಡು ಒಯ್ಯಿರಿ. ಆ ಕಾಗದವನ್ನು ಬೂಟಿನೊಳಗೆ ಇಟ್ಟಾಗ ಅಂಚು ಮಡಚಿದರೆ ಅದು ನಿಮ್ಮ ಬೂಟಲ್ಲ, ಅಂಗಡಿಯವರು ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಎಂದು ಎಷ್ಟೇ ಹೇಳಲಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿಯಬೇಕು. ಜಲ್ಲಿಯ ನೋವು ಇರುವವರಿಗೆ ಒಳತಳದಲ್ಲಿ ಒಂದು ಪುಟ್ಟ ಗುಮ್ಮಟದಂಥ ಮೆತ್ತೆಯನ್ನು ಅಂಟಿಸುವ ಕ್ರಮವಿದೆ. ಇದನ್ನು ನೋವಿರುವ ಜಾಗದ ಕೆಳಗೇ ಇಡುವುದು ಸಾಮಾನ್ಯ ತಪ್ಪು. ಅದು ಇರಬೇಕಾದದ್ದು ಎಲುಬಿನ ತುದಿಗಳಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಭಾರ ಎಲುಬಿನ ಕಾಂಡಕ್ಕೆ ಹಂಚಿಹೋಗಿ ತುದಿಗಳು ಹಗುರಾಗುತ್ತವೆ. ಬ್ರಿಟನ್ನಿನಂಥ ದೇಶಗಳಲ್ಲಿ ಇಂಥ ಕೆಲಸಕ್ಕೆಂದೇ ಪೊಡಿಯಾಟ್ರಿಸ್ಟ್ ಎಂಬ ಪಾದತಜ್ಞರಿದ್ದಾರೆ. ನಮ್ಮಲ್ಲಿ ಆ ಕೆಲಸ ಮೂಳೆ ವೈದ್ಯರು, ಫಿಸಿಯೋಥೆರಪಿಸ್ಟ್, ಚರ್ಮವೈದ್ಯರು ಮತ್ತು ಕೃತಕ ಅಂಗ ತಯಾರಿಸುವವರ ನಡುವೆ ಹಂಚಿಹೋಗಿರುವುದರಿಂದ ರೋಗಿಯೇ ಕೇಳಿಕೊಂಡು ಹೋಗಬೇಕಾಗುತ್ತದೆ.

ಮನೆಯೊಳಗೆ ಚಪ್ಪಲಿ ಹಾಕುವ ವಿಷಯ ಬಂದಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಡುಗೆಮನೆ, ದೇವರಮನೆ ಇರುವ ಕಡೆ ಚಪ್ಪಲಿ ಹೇಗೆ ಎಂಬುದು ದೊಡ್ಡಮ್ಮನ ಪ್ರಶ್ನೆ. ಆದರೆ ದಿನದ ಹೆಚ್ಚಿನ ಹೆಜ್ಜೆಗಳು ಬೀಳುವುದು ಆ ಸಿಮೆಂಟಿನ, ಕೆಂಪು ಗಾರೆಯ ಗಟ್ಟಿ ತಣ್ಣನೆಯ ನೆಲದ ಮೇಲೆಯೇ. ಹೊರಗೆಂದೂ ಮೆಟ್ಟದ, ಒಳಗಿಗೇ ಮೀಸಲಾದ ಹೊಸ ಜೊತೆಯೊಂದನ್ನು ತಂದು ಜಗಲಿಯಿಂದ ಒಳಗೆ ಇಟ್ಟಾಗ ಒಪ್ಪಿಕೊಂಡರು. ದೇವರಮನೆಯ ಹೊಸ್ತಿಲಲ್ಲಿ ಮಾತ್ರ ಈಗಲೂ ಬಿಡುತ್ತಾರೆ, ಅಲ್ಲಿ ಅವರಿಗೆಂದು ದಪ್ಪನೆಯ ಚಾಪೆ ಹಾಸಿದೆ.

ತೋಟದ ಕೆಲಸ ಮಾಡುವವರಿಗೆ ಗಮ್ ಬೂಟು ಕೆಸರಿನಿಂದ ರಕ್ಷಣೆ ಕೊಡುತ್ತದೆ, ಆದರೆ ಒಳಗೆ ಬೆವರಿ ಚರ್ಮ ನೆನೆಯುತ್ತದೆ, ಗಟ್ಟಿ ರಬ್ಬರು ಬಾಗಿದ ಬೆರಳುಗಳನ್ನು ಉಜ್ಜುತ್ತದೆ. ಒಂದು ಸೈಜು ದೊಡ್ಡದನ್ನು ತೆಗೆದುಕೊಂಡು ಮೆತ್ತನೆಯ ಒಳತಳ ಹಾಕಿ, ಹತ್ತಿಯ ಕಾಲುಚೀಲ ತೊಟ್ಟು, ಮಧ್ಯಾಹ್ನದ ಊಟಕ್ಕೆ ಬಂದಾಗ ಚೀಲ ಬದಲಿಸಬೇಕು. ಹಾಕುವ ಮೊದಲು ಬೋರಲು ಮಾಡಿ ಕೊಡವುವುದನ್ನು ಮರೆಯಬಾರದು. ಚೇಳಿಗೆ ಹೆದರಿ ಎಲ್ಲರೂ ಮಾಡುವ ಈ ಕೆಲಸ ಒಳಗೆ ಸೇರಿಕೊಂಡ ಸಣ್ಣ ಕಲ್ಲಿನಿಂದಲೂ ಕಾಪಾಡುತ್ತದೆ. ಕಾಯಿಲೆಯಿಂದ ನರ ಒತ್ತಿಹೋಗಿ ಸ್ಪರ್ಶ ಮಂಕಾದವರಿಗೆ ಅಂಥ ಕಲ್ಲು ಸಂಜೆಯವರೆಗೂ ಗೊತ್ತಾಗದೆ ಹುಣ್ಣು ಮಾಡಿಬಿಡಬಹುದು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಕೀಲುಗಳು ಅಷ್ಟಾಗಿ ಹಿಡಿದುಕೊಳ್ಳುವುದಿಲ್ಲ.

ಕಾಲುಂಗುರದ ಬಗ್ಗೆ ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಬರೆಯಲೇಬೇಕು. ಬೆರಳು ಊದಿದಾಗ ಬೆಳ್ಳಿಯ ಉಂಗುರ ಕಟ್ಟಿದ ದಾರದಂತೆ ಒಳಕ್ಕೆ ಇಳಿದು ರಕ್ತ ಸಂಚಾರಕ್ಕೆ ಅಡ್ಡಿಯಾಗುತ್ತದೆ, ಅದರ ಕೆಳಗಿನ ಚರ್ಮ ಗಾಳಿಯಿಲ್ಲದೆ ಕೊಳೆಯುತ್ತದೆ. ಮದುವೆಯಂದು ತೊಡಿಸಿದ್ದನ್ನು ತೆಗೆಯುವುದು ಹೆಂಗಸರಿಗೆ ಮನಸ್ಸಿಗೆ ಬಾರದ ಮಾತು. ಬಾಯಿ ಕೂಡದ, ಅಗಲಿಸಬಹುದಾದ ಉಂಗುರವನ್ನು ಅಕ್ಕಸಾಲಿಗರಿಂದ ಮಾಡಿಸಿಕೊಂಡು, ಬಾವು ಬಂದ ದಿನಗಳಲ್ಲಿ ತೆಗೆದಿಡುವುದು ನಡುವಿನ ದಾರಿ. ಸೋಪಿನ ನೀರು ಹಚ್ಚಿದರೂ ಹೊರಬಾರದ ಉಂಗುರವನ್ನು ಎಳೆದಾಡದೆ ಕತ್ತರಿಸಿ ತೆಗೆಸಬೇಕು.

ಮಳೆಗಾಲದಲ್ಲಿ ಚರ್ಮದ ಮೇಲೆ ಹೆಚ್ಚಿನ ನಿಗಾ ಬೇಕು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾದ ಒಣಗಿರುವುದೇ ಅಪರೂಪ. ಬೆರಳ ಸಂದಿಗಳು ಬೆಳ್ಳಗೆ ನೆನೆದು ಬಿರಿಯುತ್ತವೆ, ಶಿಲೀಂಧ್ರ ಸೇರುತ್ತದೆ, ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಕೆಸರುಹುಣ್ಣು ಎಂದು ನಾವೆಲ್ಲ ಉದಾಸೀನ ಮಾಡುವ ಇದು ಇವರಿಗೆ ಸಣ್ಣದಲ್ಲ. ಏಕೆಂದರೆ ಇವರು ತೆಗೆದುಕೊಳ್ಳುವ ಔಷಧಿಗಳ ಕೆಲಸವೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು. ಸ್ಟೀರಾಯ್ಡನ್ನು ಬಹುಕಾಲ ತೆಗೆದುಕೊಂಡವರ ಚರ್ಮವಂತೂ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿರುತ್ತದೆ. ಗದ್ದೆಯ ನೀರಿನಲ್ಲಿ ಇಲಿಯ ಮೂತ್ರದಿಂದ ಸೇರುವ ಇಲಿಜ್ವರದ ರೋಗಾಣುವಿಗೂ ಇಂಥ ಬಿರುಕೇ ಬಾಗಿಲು. ದಿನಕ್ಕೊಮ್ಮೆ, ಸಂಜೆ ಬಚ್ಚಲಿಗೆ ಹೋದಾಗ, ಪಾದ ತೊಳೆದು ಮೆತ್ತನೆಯ ಬಟ್ಟೆಯಿಂದ ಒಂದೊಂದು ಸಂದಿಯನ್ನೂ ಒತ್ತಿ ಒರೆಸಬೇಕು. ಹಂಡೆಯ ನೀರಿನ ಕಾವನ್ನು ಮೊದಲು ಮೊಣಕೈಯಿಂದ ನೋಡಬೇಕು. ಒರೆಸಿದ ಮೇಲೆ ಹಿಮ್ಮಡಿಗೂ ಅಂಗಾಲಿಗೂ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಬಹುದು. ಬೆರಳ ಸಂದಿಗೆ ಹಚ್ಚಬಾರದು, ಅಲ್ಲಿ ತೇವ ಇನ್ನಷ್ಟು ನಿಲ್ಲುತ್ತದೆ.

ಬಗ್ಗಿ ಅಂಗಾಲು ನೋಡಿಕೊಳ್ಳಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಚಾಚಿದರೆ ಸಾಕು, ಎಲ್ಲ ಕಾಣುತ್ತದೆ. ಸೊಸೆಯ ಕೈಗೆ ಕಾಲು ಕೊಡಲು ಹಿರಿಯರು ಹಿಂಜರಿಯುತ್ತಾರೆ. ನಮ್ಮಲ್ಲಿ ಅತ್ತಿಗೆಯೇ ‘ಕೊಡಿ ಅತ್ತೆ, ಉಗುರು ತೆಗೀತೀನಿ’ ಎಂದು ಶುರುಮಾಡಿದ್ದರಿಂದ ಆ ಸಂಕೋಚ ಕರಗಿತು. ಉಗುರನ್ನು ಸ್ನಾನದ ನಂತರ ಮೆತ್ತಗಿರುವಾಗ ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಒಳಕ್ಕೆ ಕೊರೆಯಬಾರದು.

ಆಣಿಯ ಮಾತು ಪ್ರತ್ಯೇಕವಾಗಿಯೇ ಹೇಳಬೇಕು. ಒತ್ತಡ ಬೀಳುವ ಕಡೆ ತನ್ನನ್ನು ಕಾಪಾಡಿಕೊಳ್ಳಲು ಚರ್ಮ ದಪ್ಪಗಾಗುತ್ತದೆ, ಅದೇ ಆಣಿ. ಅದನ್ನು ಬ್ಲೇಡಿನಿಂದ ಹೆರೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಮೆಡಿಕಲ್ ಸ್ಟೋರಿನ ಆಣಿಪಟ್ಟಿ ಇನ್ನೊಂದು ಅಭ್ಯಾಸ. ಆಣಿಪಟ್ಟಿಯಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ, ಆಣಿ ಯಾವುದು ಒಳ್ಳೆಯ ಚರ್ಮ ಯಾವುದು ಎಂದು ಅದಕ್ಕೆ ತಿಳಿಯದು. ತೆಳುವಾದ ಚರ್ಮದಲ್ಲಿ ಎರಡೂ ಹುಣ್ಣಾಗಿಸುತ್ತವೆ. ಹೆರೆದರೂ ಎಲುಬಿನ ಒತ್ತಡ ಅಲ್ಲೇ ಇರುವುದರಿಂದ ಆಣಿ ವಾರಗಳಲ್ಲೇ ಮರಳಿ ಬರುತ್ತದೆ. ಒತ್ತಡ ಇಳಿಸುವ ಮೆತ್ತೆಯೂ ಅಗಲ ಚಪ್ಪಲಿಯೂ ಅದರ ನಿಜವಾದ ಔಷಧಿ. ತೆಗೆಸಲೇಬೇಕಾದರೆ ಆಸ್ಪತ್ರೆಯಲ್ಲಿ ತೆಗೆಸಬೇಕು. ಇಂಬಳಕ್ಕೆ ಹೆದರಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಳ್ಳುವವರಿಗೂ ಇದೇ ಎಚ್ಚರಿಕೆ: ಸುಣ್ಣ ಆ ಚರ್ಮವನ್ನು ಸುಡುತ್ತದೆ. ಮಂಡಿಯವರೆಗಿನ ಒತ್ತಾದ ನೇಯ್ಗೆಯ ಕಾಲುಚೀಲ ವಾಸಿ. ಕಚ್ಚಿದರೆ ತುರಿಸದೆ ಸೋಪಿನಿಂದ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಅಂದೇ ಬಸ್ಸು ಹತ್ತಬೇಕು ಎಂಬುದು ತಿಳಿದಿರಬೇಕು. ಹುಣ್ಣು, ಕೀವು, ಪಾದದಿಂದ ಮೇಲೇರುವ ಕೆಂಪು ಗೆರೆ. ಉಳಿದ ಕೀಲುಗಳು ತಣ್ಣಗಿರುವಾಗ ಒಂದೇ ಕೀಲು ಕೆಂಪಗೆ ಬಿಸಿಯಾಗಿ ಊದಿಕೊಳ್ಳುವುದು. ಉಗುರಿನ ಅಂಚಿನಲ್ಲಿ ಕಪ್ಪು ಚುಕ್ಕೆ ಅಥವಾ ಕಾಲಿನಲ್ಲಿ ನೇರಳೆ ಬಣ್ಣದ ಕಲೆ, ಇದು ಸಣ್ಣ ರಕ್ತನಾಳಗಳಿಗೇ ಉರಿಯೂತ ತಗುಲಿದ್ದರ ಸೂಚನೆ ಇರಬಹುದು. ಪಾದದ ಮುಂಭಾಗವನ್ನು ಮೇಲೆತ್ತಲಾಗದೆ ಹೋಗುವುದು. ಇವುಗಳಲ್ಲಿ ಯಾವುದು ಕಂಡರೂ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತಡಮಾಡದೆ ಹೋಗಬೇಕು. ಜ್ವರ ಬಂದಿಲ್ಲವೆಂದು ಧೈರ್ಯಪಡುವಂತಿಲ್ಲ, ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಸೋಂಕು ಇರುವಾಗ ಮೆಥೋಟ್ರೆಕ್ಸೇಟನ್ನು ಅಥವಾ ಇದೇ ಕಾಯಿಲೆಗೆ ಕೊಡುವ ಬಯಾಲಾಜಿಕ್ ಎಂಬ ಇಂಜೆಕ್ಷನ್ನನ್ನು ಕೆಲಕಾಲ ತಡೆಹಿಡಿಯಬೇಕೇ ಎಂದು ವೈದ್ಯರನ್ನು ಕೇಳಬೇಕು. ಸ್ಟೀರಾಯ್ಡನ್ನು ಮಾತ್ರ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ವ್ಯಾಯಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸಿಗೆ ಬಿಡುವ ಮೊದಲು ಪಾದವನ್ನು ಮೇಲೆ ಕೆಳಗೆ, ವೃತ್ತಾಕಾರವಾಗಿ ಹತ್ತು ಹತ್ತು ಬಾರಿ ಆಡಿಸಿ ಇಳಿದರೆ ಮೊದಲ ಹೆಜ್ಜೆ ಅಷ್ಟು ಕಟುವಾಗಿರುವುದಿಲ್ಲ. ಬಾವು ಜೋರಾಗಿರುವ ದಿನ ವಿಶ್ರಾಂತಿಯೇ ಸರಿ.

ಇಷ್ಟೆಲ್ಲ ಮಾಡಿದರೂ ಕೆಲವರ ಬೆರಳುಗಳು ಯಾವ ಬೂಟಿಗೂ ಒಗ್ಗದಷ್ಟು ಜಾರಿರುತ್ತವೆ. ಅವರಿಗೆ ಶಸ್ತ್ರಚಿಕಿತ್ಸೆ ಇದೆ: ಹೆಬ್ಬೆರಳಿನ ಬುಡದ ಕೀಲನ್ನು ನೇರಮಾಡಿ ಬೆಸೆಯುತ್ತಾರೆ, ಉಳಿದ ಬೆರಳುಗಳನ್ನು ಜಾಗಕ್ಕೆ ತಂದು ತಂತಿ ಹಾಕಿ ನಿಲ್ಲಿಸುತ್ತಾರೆ. ತಂತಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ, ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಬೇಕು, ಆ ಅವಧಿಯಲ್ಲಿ ಗಾಯ ಒದ್ದೆಯಾಗಬಾರದು. ಆದ್ದರಿಂದ ನಮ್ಮ ಕಡೆಯವರು ವೈದ್ಯರೊಡನೆ ತಿಂಗಳಿನ ಲೆಕ್ಕವನ್ನೂ ಮಾತಾಡಿಕೊಳ್ಳಬೇಕು. ಅಡಿಕೆ ಕೊಯ್ಲು, ಸುಲಿತ ಮುಗಿದು, ಅಂಗಳ ಖಾಲಿಯಾದ ಮೇಲೆ ಫೆಬ್ರುವರಿಯಲ್ಲಿ ಮಾಡಿಸಿಕೊಂಡವರ ಕಾಲು ಜೂನ್‌ನ ಮೊದಲ ಮಳೆ ಬೀಳುವ ಹೊತ್ತಿಗೆ ಚಪ್ಪಲಿ ಮೆಟ್ಟಲು ಸಿದ್ಧವಾಗಿರುತ್ತದೆ. ದೊಡ್ಡಮ್ಮ ಬರುವ ಫೆಬ್ರುವರಿಗೆ ದಿನ ಗೊತ್ತುಮಾಡಿಸಿಕೊಂಡಿದ್ದಾರೆ, ಎಡಗಾಲಿಗೆ ಮೊದಲು.